ಬಾಟ್ಲ್ಯಾಗ ಕರೆದ ಹೆಸರು

ಹಳಿಯಾಳದ ನಮ್ಮ ಲ್ಯಾಬಿನ ಟ್ರಾನ್ಸ್‌ಫಾರ್ಮರ್ ಸುಟ್ಟು, ಎರಡು ದಿನ ಕರೆಂಟ್ ಬರೂದಿಲ್ಲ ಅಂದಾಗ ನಮ್ಮ ಮೇಡಂ ಮುಖ ನೋಡಬೇಕಿತ್ತು. ಫ್ರೀಜರಿನಾಗ ಒಂದ ಒಂದು ಬಾಟ್ಲಿ ಉಳದಿತ್ತು, ಕಿರುಬೆರಳಿನಷ್ಟು. ಅದರಾಗ ಮನಷ್ಯಾನ ಪ್ರೋಟೀನ್. ಮನಷ್ಯಾರಿಂದ ತಗದದ್ದಲ್ಲ, ಮನಷ್ಯಾನ ಜೀನ್ ಬ್ಯಾಕ್ಟೀರಿಯಾದೊಳಗ ಹಾಕಿ, ಅದರ ಕಡಿಂದ ಮಾಡಿಸಿದ್ದು. ಮೈಗೆ ಗಾಯ ಆದ್ರ ಒಂದು ಜೀವಕೋಶ ಬಾಜೂದಕ್ಕ "ಏಳು, ಬೆಳಿ" ಅಂತ ಕಳಸೂ ಸುದ್ದಿ ಅದು.

"ಇದು ಕೆಟ್ರ ಪ್ರಾಜೆಕ್ಟ್ ಮುಗೀತು. ಪ್ರಾಜೆಕ್ಟ್ ಮುಗದ್ರ ನಿನ್ನ ನೌಕರಿನೂ ಮುಗೀತು," ಅಂದ್ರು ಮೇಡಂ.

ನನ್ನ ಕೈಯಾಗ ಅದನ್ನ ಕೊಡಾಕ ಅವರಿಗೆ ಜೀವ ಬರವಲ್ತು. ಕೋಶ ಬೆಳಸೂ ಇನ್‌ಕ್ಯುಬೇಟರಿನಾಗ ಮಿರ್ಚಿ ಬಜಿ ಬೆಚ್ಚಗಿರಲಿ ಅಂತ ಇಟ್ಟಾವ ನಾನ. ಆದ್ರ ನಮ್ಮ ಸೋದರತ್ತಿ ಮನಿ ಅಂಬಿಕಾನಗರದಾಗ. ಕರೆಂಟ್ ಹುಟ್ಟೂ ಊರಾಗ ಫ್ರಿಜ್ ಯಾಕ ಆರತೈತಿ?

ಥರ್ಮಾಕೋಲ್ ಡಬ್ಬಿ ತೊಡಿ ಮ್ಯಾಲ ಇಟಗೊಂಡು ಬಸ್ ಹತ್ತಿದೆ. ಕಂಡಕ್ಟರ್ "ಐಸ್‌ಕ್ರೀಮೇನ?" ಅಂದ. "ಇಲ್ರಿ, ಮನಷ್ಯಾರದು," ಅಂದೆ. ದಾಂಡೇಲಿ ದಾಟಿ, ಕುಳಗಿ ದಾಟಿದ್ರೂ ಆ ಪುಣ್ಯಾತ್ಮ ನನ್ನ ಸೀಟಿನ ಕಡೆ ಹಾಯಲಿಲ್ಲ.

ಮಾಮಾ ಪವರ್‌ಹೌಸಿನಾಗ ಇದ್ದವರು, ಹೋದ ವರ್ಷ ತೀರಿಕೊಂಡರು. ಆ ನೌಕರಿ ಮಗಳಿಗೆ ಸಿಕ್ಕು ಕ್ವಾರ್ಟರ್ಸ್ ಉಳೀತು. ಮಗಳು ಕೆಲಸಕ್ಕ ಹೋದ್ರ ಮನ್ಯಾಗ ಅತ್ತಿ ಒಬ್ಬಾಕಿ.

"ಏನೋ ಇದು?"

"ಮನಷ್ಯಾರದು, ಅತ್ತಿ."

"ಶಿವನ! ಲಿಂಗಪೂಜಿ ಆಗೂ ಮನ್ಯಾಗ ಏನ ತಂದಿಯೋ ಹುಚ್ಚಪ್ಯಾ?"

"ಮಾಂಸ ಅಲ್ಲಬೇ. ಇದು ಬರೇ ಕೂಗು. ಕೂಗಿದಾವ ಇಲ್ಲ, ಕೂಗಷ್ಟ ಉಳದೈತಿ. ನಮ್ಮ ಲ್ಯಾಬಿನ್ಯಾಗಿನ ಕೋಶ ಅದಾವಲ್ಲ, ಅವುನ್ನ ಕೊಟ್ಟವರು ಎಂದೋ ಸತ್ತಾರ. ಈ ಕೂಗು ಕೇಳಿದ್ರ ಅವು ಈಗೂ ಓ ಅಂತಾವ."

ನಗತಾಳಂತ ಹೇಳಿದ್ದೆ. ಅತ್ತಿ ನಗಲಿಲ್ಲ. ಬಾಟ್ಲಿ ಬೆಳಕಿಗೆ ಹಿಡದು ನೋಡಿ, "ಎಷ್ಟ ಸಲ ಕರೀಬೇಕು?" ಅಂದ್ಲು.

ನಮ್ಮ ಮನ್ಯಾಗ ಒಂದು ಪದ್ಧತಿ ಐತಿ. ಹೊರಗಿಂದ ಯಾರರ ಹೆಸರ ಹಿಡದು ಕರದ್ರ, ಮೂರನೇ ಸಲದ ತನಕ ಓ ಅನಬಾರದು. ಸತ್ತು ಹೋದವರಿಗೆ ಮೂರನೇ ಸಲ ಕರಿಯಾಕ ಬರೂದಿಲ್ಲಂತ. ನಾ ದೊಡ್ಡ ವಿಜ್ಞಾನಿಯಂಗ "ಒಂದ ಸಲ ಸಾಕು" ಅಂದು, ಬಟಾಣಿ ಪಾಕೀಟಿನ ಬಾಜೂಕ ಬಾಟ್ಲಿ ಇಟ್ಟು, ಉಪ್ಪಿಟ್ಟು ತಿಂದು ಬಂದೆ.

ಕರೆಂಟ್ ಬಂತು ಅಂತ ವಾಪಸ್ ತರಾಕ ಹೋದಾಗ ನಡು ಮಧ್ಯಾಹ್ನ. ಬಾಗಲಾ ತಗದಿತ್ತು. ಗಿಡದಾಗ ಒಂದು ಹಕ್ಕಿ ಸಪ್ಪಳಿಲ್ಲ. ಅಡಗಿಮನಿ ಕಟ್ಟಿ ಮ್ಯಾಲ ಬಾಟ್ಲಿ, ಬಾಜೂಕ ಅದರ ಮುಚ್ಚಳ. ಅತ್ತಿ ಬಗ್ಗಿ, ತುಟಿ ಹಚ್ಚೂವಂಗ ಹತ್ತರ ಹೋಗಿ, ಅದರೊಳಗ ಮಾಮಾನ ಹೆಸರ ಹೇಳಿದ್ಲು.

ಗಂಡನ ಹೆಸರ ಆಕಿ ಎಂದೂ ಬಾಯಿ ಬಿಟ್ಟು ಹೇಳಿದಾಕಿ ಅಲ್ಲ. ಲಗ್ನದಾಗ ಒಡಪು ಕಟ್ಟಿ, ಅದರ ನಡುವ ಸೇರಿಸಿ ಹೇಳಿದ್ದಷ್ಟ. ರೇಷನ್ ಅಂಗಡ್ಯಾಗ ಕೇಳಿದ್ರೂ ನಕ್ಕು ನನ್ನ ಮುಖ ನೋಡಾಕಿ. ಈಗ ಒಡಪಿಲ್ಲ, ನಗಿ ಇಲ್ಲ, ಬರೇ ಹೆಸರು.

ಓಡಿ ಬಾಟ್ಲಿ ಎತ್ತಿದೆ. ಒಳಗ ಏನೂ ಇಲ್ಲ!

"ಊದಿಬಿಟ್ಟೇನ ಅತ್ತಿ?"

"ಮೊದಲ ಖಾಲಿನ ಇತ್ತಲ್ಲೋ," ಅಂದ್ಲು, ನನ್ನ ಕಡೆ ನೋಡದ. ಆಕಿ ಕಿವಿ ಹಿತ್ತಲ ಕಡೆ ಇತ್ತು.

ಬಸ್ಸಿನಾಗ ಹಳಿಯಾಳ ಮುಟ್ಟೂತನಕ ಮನಸಿನಾಗ ರಾಜೀನಾಮೆ ಬರದೆ. ಅದರಾಗೂ ತಪ್ಪು ಬಂದ್ವು. ಮೇಡಂ ಎಲ್ಲಾ ಕೇಳಿ ಹಣಿ ಹಣಿ ಬಡಕೊಂಡರು. "ಆ ಪ್ರೋಟೀನ್ ಒಣಗಿಸಿದ ಪುಡಿ, ಕಣ್ಣಿಗೆ ಕಾಣೂದಿಲ್ಲೋ ಶಾಣ್ಯಾ, ಅಷ್ಟ ಕಡಿಮಿ ಇರತೈತಿ. ಆದ್ರ ಉಸಿರು ತಾಗಿ ಹಾರಿತ್ತಂದ್ರ ಹೋತು. ನೋಡೂಣು."

ಎರಡು ಡಿಶ್‌ನ್ಯಾಗ ಕೋಶದ ಪದರಿನ ಮ್ಯಾಲ ಒಂದೊಂದು ಗೀರು ಎಳದರು. ಒಂದಕ್ಕ ಬರೇ ನೀರು, ಇನ್ನೊಂದಕ್ಕ ಬಾಟ್ಲಿ ತೊಳದ ನೀರು. ಪ್ರೋಟೀನ್ ಉಳದಿದ್ರ ಎರಡನೇದರ ಗೀರು ಕೂಡಬೇಕು.

ಮರುದಿನ ನಾನ ಮೊದಲ ಸೂಕ್ಷ್ಮದರ್ಶಕದಾಗ ಇಣುಕಿದೆ. ಬರೇ ನೀರಿನ ಡಿಶ್‌ನ್ಯಾಗ ಗೀರು ಹಂಗ ಬಾಯಿ ತಗದು ಕುಂತಿತ್ತು. ಇನ್ನೊಂದರಾಗ, ಎಂದೋ ಸತ್ತವರ ಕೋಶ ಎರಡೂ ದಂಡಿಯಿಂದ ಕೈ ಚಾಚಿ, ತಡಕ್ಯಾಡಕೋತ ಬಂದು ನಡುವ ಕೂಡಿದ್ವು. ಖುಷಿಲೆ ಎದ್ದು ಮ್ಯಾಲಿನ ಕಪಾಟಿಗೆ ತಲಿ ಹೊಡಕೊಂಡೆ. ನೌಕರಿ ಉಳೀತು!

ಬುಗುಟಿ ತಿಕ್ಕೋತ ಅತ್ತಿಗೆ ಫೋನ್ ಹಚ್ಚಿದೆ.

"ಓ ಅಂದ್ವೇನೋ?" ಅಂದ್ಲು.

"ಅಂದ್ವು, ಅತ್ತಿ!"

ಅತ್ತಿ ದನಿ ಸಣ್ಣದು ಮಾಡಿ, "ಹಂಗಾರ ನನಗ ಕೇಳಿದ್ದು ಖರೇನ," ಅಂದ್ಲು.

"ಏನ ಕೇಳಿತು?"

"ಹಿತ್ತಲದಾಗ ಅವರು ನನ್ನ ಕರದರು. ಎರಡ ಸಲ ಆಗೇತಿ. ಮೂರನೇದಕ್ಕ ಕುಂತೀನಿ. ನೀ ಫೋನ್ ಇಡು."

ಇಟ್ಟೆ. ಲ್ಯಾಬಿನ ಹೊರಗಿಂದ ಮೇಡಂ ನನ್ನ ಹೆಸರ ಹಿಡದು ಕರದರು. ಅವರ ದನಿನ ಅದು, ಗೊತ್ತಿತ್ತು. ಮತ್ತೊಮ್ಮೆ ಕರದರು. ನಾ ಓ ಅನಲಿಲ್ಲ.