ದುಂಬಿಯ ಕೆಲಸಕ್ಕೆ ಎಂಟು ಹೆಂಗಸರು

ಮನುಷ್ಯನ ಬುದ್ಧಿ ಎಷ್ಟು ದೂರ ಓಡುತ್ತದೆ ಎಂದು ನೋಡಬೇಕಾದವರು ಆ ತೋಟಕ್ಕೆ ನಡುಮಧ್ಯಾಹ್ನ ಹೋಗಬೇಕಿತ್ತು. ತಲೆಗೆ ಬಟ್ಟೆ ಸುತ್ತಿಕೊಂಡ ಎಂಟು ಹೆಂಗಸರು ಸಿಮೆಂಟು ಕಂಬಗಳ ನಡುವೆ ಕತ್ತೆತ್ತಿಕೊಂಡು ನಿಂತು ಒಂದೊಂದು ಹೂವಿಗೂ ಬೆರಳು ತಾಗಿಸುತ್ತ ಹೋಗುತ್ತಿದ್ದರು. ಒಂದು ಬಳ್ಳಿಯ ಹಳದಿ ಪುಡಿಯನ್ನು ಬೆರಳಿಗೆ ಹಚ್ಚಿಕೊಳ್ಳಬೇಕು, ಇನ್ನೊಂದು ಬಳ್ಳಿಯ ಹೂವಿನ ನೆತ್ತಿಗೆ ಸವರಬೇಕು. ಅದರದ್ದನ್ನು ಅದಕ್ಕೇ ಸವರಿದರೆ ಕಾಯಿ ಕಚ್ಚುವುದಿಲ್ಲ. ಪ್ಯಾಶನ್ ಹಣ್ಣಿನ ಹೂವು ಮಧ್ಯಾಹ್ನ ಅರಳಿ ಸಂಜೆಗೆ ಮುದುಡುತ್ತದೆ, ಮಾರನೆಯ ದಿನಕ್ಕೆ ಅದು ಬರೀ ಕಸ. ಅಷ್ಟರೊಳಗೆ ಇಡೀ ತೋಟ ಮುಗಿಯಬೇಕು. ದುಂಬಿ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ಎಂಟು ಜನರಿಗೆ ದಿನಗೂಲಿ! ಧಣಿ ಇದನ್ನು ಸುಧಾರಿತ ಬೇಸಾಯ ಎಂದು ಕರೆಯುತ್ತಿದ್ದರು. ಕರೆಯಲಿ ಬಿಡಿ, ಹೆಸರಿಡುವುದಕ್ಕೇನು ಖರ್ಚೇ?

ಆ ಎಂಟು ಜನರಲ್ಲಿ ಮುಂದಾಳು ಚೂರಿಯಕ್ಕ. ಹುಟ್ಟಿದಾಗ ಇಟ್ಟ ಹೆಸರು ಅವಳಿಗೇ ನೆನಪಿತ್ತೋ ಇಲ್ಲವೋ, ಮಾತು ಮಾತ್ರ ಕಡ್ಡಿ ಮುರಿದಂತೆ. ಹದಿನೆಂಟಕ್ಕೆ ಮದುವೆಯಾಗಿ ತೋಟದ ಕೂಲಿಲೈನಿಗೆ ಬಂದವಳು, ಮೂವತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡವಳು, ಈಗ ಐವತ್ತೆಂಟು. ಹಣ್ಣಿನ ತೂಕದಲ್ಲಿ ಮೋಸ ಮಾಡಿದ ಮೇಸ್ತ್ರಿಗೆ ಒಮ್ಮೆ ಎಲ್ಲರೆದುರಿಗೆ, "ನಿನ್ನ ತಕ್ಕಡೀಲಿ ನನ್ನನ್ನೂ ಒಂದ್ಸಲ ತೂಗಪ್ಪ, ಮದುವೆ ಹೊತ್ತಿನ ತೂಕಕ್ಕೆ ಇಳಿದುಬಿಡ್ತೀನಿ" ಎಂದಿದ್ದಳು. ಮೇಸ್ತ್ರಿ ಒಂದು ತಿಂಗಳು ಅವಳ ಸಾಲಿನ ಕಡೆಗೆ ತಲೆ ಹಾಕಲಿಲ್ಲ.

ಹಿಂದೆ ತೋಟದಲ್ಲಿ ಮರದ ಕಂಬಗಳಿದ್ದವು. ಅವಳ ಗಂಡನೇ ನೆಟ್ಟವು. ಒಣಗಿದ ಕಂಬಗಳಲ್ಲಿ ಕರಿದುಂಬಿಗಳು ಬೆರಳು ತೂರುವಷ್ಟು ತೂತು ಕೊರೆದು ಸಂಸಾರ ಹೂಡಿದ್ದವು. ಹೂವರಳುವ ಹೊತ್ತಿಗೆ ಗುಂಯ್ ಎಂದು ಹೊರಡುತ್ತಿದ್ದವು. ಹೂವಿನೊಳಗೆ ನುಗ್ಗಿದರೆ ಬೆನ್ನಿನ ತುಂಬ ಪುಡಿ, ಮುಂದಿನ ಹೂವಿನಲ್ಲಿ ಅದೇ ಬೆನ್ನು ನೆತ್ತಿಗೆ ಉಜ್ಜುತ್ತಿತ್ತು. ಆಗ ಹಣ್ಣು ಕೊಯ್ಯಲು ಕೈ ಸಾಲುತ್ತಿರಲಿಲ್ಲ.

ಧಣಿಯ ಕಣ್ಣಿಗೆ ಕಂಡದ್ದು ತೂತು ಮಾತ್ರ. ಎಲ್ಲ ಕಂಬ ಕಿತ್ತು ಸಿಮೆಂಟಿನವು ಬಂದವು. ಹಳೆಯವನ್ನು ರಾಶಿ ಹಾಕಿ ಬೆಂಕಿ ಇಡುವಾಗ ಚೂರಿಯಕ್ಕ ಹೋಗಿ ಹೇಳಿದಳು: "ಧಣಿ, ದುಂಬಿಗಳಿಗೆ ಇನ್ನೆಲ್ಲೂ ಮನೆ ಇಲ್ಲ."

"ನಾನೇನು ದುಂಬಿಗೆ ಬಾಡಿಗೆ ಮನೆ ಕಟ್ಟಿಸಿದ್ದೀನಾ?" ಎಂದು ಧಣಿ ನಕ್ಕರು. ಮೇಸ್ತ್ರಿಯೂ ನಕ್ಕ, ಧಣಿ ಸೀನಿದರೂ ನಗುವ ಪ್ರಾಣಿ ಅದು.

ಆ ಮೇಲೆ ಎರಡು ವರ್ಷ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಅಲ್ಲೊಂದು ಇಲ್ಲೊಂದು. ದೂರದಿಂದ ಒಬ್ಬ ಸಲಹೆಗಾರ ಬಂದ. ಬೂಟಿಗೆ ಮಣ್ಣು ಮೆತ್ತದಂತೆ ನಡೆದು, ಜೇನುಪೆಟ್ಟಿಗೆ ಇಡಿಸಿ, ಊಟ ಮಾಡಿ ಹೋದ. ಜೇನುನೊಣ ಈ ಹೂವಿಗೆ ತೀರಾ ಚಿಕ್ಕದು. ಕೆಳಗಿನಿಂದಲೇ ಪುಡಿ ದೋಚಿಕೊಂಡು ಹೋಗುತ್ತದೆ, ನೆತ್ತಿಗೆ ಅದರ ಮೈ ತಾಗುವುದೇ ಇಲ್ಲ. ಇದ್ದ ಪುಡಿಯೂ ಹೋಯಿತು. ಬೆಕ್ಕನ್ನು ತಂದು ಹಾಲು ಕಾಯಲು ಕೂರಿಸಿದ ಹಾಗಾಯಿತು. ಕೊನೆಗೆ ಕೈಯಲ್ಲೇ ಪುಡಿ ಸವರಿಸುವುದೆಂದು ತೀರ್ಮಾನವಾಗಿ ಎಂಟು ಹೆಂಗಸರಿಗೆ ಕೆಲಸ ಬಂತು. ಕೆಲಸದ ಜೊತೆಗೆ, ಕೋಣೆ ಇಲ್ಲದವರಿಗೆ ಲೈನಿನಲ್ಲಿ ಒಂದೊಂದು ಕೋಣೆ.

ಇಲ್ಲೊಂದು ವಿಷಯ ಮುಚ್ಚಿಡಬಾರದು. ಊರಿಗೆಲ್ಲ ಬುದ್ಧಿ ಹೇಳುವ ಚೂರಿಯಕ್ಕ ಆಮೇಲೆ ದುಂಬಿಯ ಸುದ್ದಿ ಎತ್ತಲಿಲ್ಲ. ಕೂಲಿ ಕೈಗೆ ಬಂದ ಮೇಲೆ ಅವಳ ಬಾಯಿಗೂ ಬೀಗ ಬಿತ್ತು. ಗಂಡ ಸತ್ತು ದಿಕ್ಕು ಕಾಣದೆ ಇದ್ದ ನಾದಿನಿಯನ್ನೂ ಕರೆಸಿ ಪಕ್ಕದ ಸಾಲಿಗೆ ಸೇರಿಸಿದ್ದಳು. ಹೊಟ್ಟೆಪಾಡು, ಸರಿ. ಆದರೆ ಧಣಿಯ ಕಣ್ಣಿಗೆ ಪೊರೆ ಎಂದು ದಿನವೂ ಹಂಗಿಸುವವಳು ತನ್ನ ಬಾಯಿಯ ಬೀಗದ ಸುದ್ದಿ ಎತ್ತುತ್ತಿರಲಿಲ್ಲ, ನೋಡಿ.

ದುಂಬಿಗಳು ಪೂರ್ತಿ ಅಳಿದಿರಲಿಲ್ಲ. ಲೈನಿನ ಕೊನೆಯ ಕೋಣೆ ಚೂರಿಯಕ್ಕನದು. ಅದರ ಜಗಲಿಯ ಮೇಲಿನ ಹಳೆಯ ಮರದ ತೊಲೆಯಲ್ಲಿ ಏಳೆಂಟು ತೂತುಗಳಿದ್ದವು. ಲೈನಿಗೆ ಹತ್ತಿರದ ಎರಡು ಸಾಲು ಬಳ್ಳಿಗಳಲ್ಲಿ ಅವಳು ಮುಟ್ಟುವ ಮೊದಲೇ ಹೂವಿನ ನೆತ್ತಿ ಹಳದಿಯಾಗಿರುತ್ತಿತ್ತು. ಅವಳು ಸುಮ್ಮನೆ ಬೆರಳಾಡಿಸಿ ಮುಂದೆ ಹೋಗುತ್ತಿದ್ದಳು. ಸೊಸೆಗೆ ಮಾತ್ರ ಆ ತೊಲೆ ಕಂಡರಾಗದು. "ಅತ್ತೆ, ದಿನಾ ಅನ್ನದ ತಟ್ಟೆಗೆ ಮರದ ಪುಡಿ ಉದುರುತ್ತೆ. ನಿಮ್ಮ ನೆಂಟರಿಗೆ ಬೇರೆ ಮನೆ ನೋಡ್ಕೊಳ್ಳೋಕೆ ಹೇಳಿ" ಎನ್ನುತ್ತಿದ್ದಳು. "ತಟ್ಟೆ ಆ ಕಡೆ ಸರಿಸ್ಕೋ, ನಿನ್ನ ತೌರಿಂದೇನೂ ತಂದಿದ್ದಲ್ಲ ಜಗಲಿ" ಎಂದು ಇವಳು.

ಆ ವರ್ಷ ಹಣ್ಣು ಕೊಳ್ಳುವ ಕಂಪನಿಯವರು ತೋಟ ನೋಡಲು ಬರುವವರಿದ್ದರು. ಪರಿಸರಸ್ನೇಹಿ ತೋಟ ಎಂಬ ಪ್ರಮಾಣಪತ್ರ ಕೊಡಲು! ಕೂಲಿಲೈನೂ ಲಕ್ಷಣವಾಗಿ ಕಾಣಬೇಕಲ್ಲ; ಹಳೆಯ ತೊಲೆ ಇಳಿಸಿ ಕಬ್ಬಿಣದ ಪೈಪು ಹಾಕಿಸಲು ಧಣಿ ಅಪ್ಪಣೆ ಕೊಟ್ಟರು. ಪರಿಸರದ ಹೆಸರಿನಲ್ಲಿ ಕೊನೆಯ ದುಂಬಿಯ ಮನೆಗೂ ಬೆಂಕಿ. ಇಂಥ ಜಾಣತನವನ್ನು ದುಡ್ಡು ಕೊಟ್ಟರೂ ಯಾರೂ ಕಲಿಸಲಾರರು.

ಬೆಳಿಗ್ಗೆ ವೆಲ್ಡರು ಬಂದ, ಮೇಸ್ತ್ರಿ ಬಂದ, ಹಿಂದೆಯೇ ಧಣಿ ಬಂದರು. ಸೊಸೆ ಹಬ್ಬ ಬಂದಂತೆ ಪಾತ್ರೆಗಳನ್ನೆಲ್ಲ ಒಳಗೆ ಸಾಗಿಸಿದಳು. ನಾದಿನಿ ಓಡಿಬಂದು ಚೂರಿಯಕ್ಕನ ತೋಳು ಹಿಡಿದುಕೊಂಡಳು. ಅವಳಿಗೂ ತೊಲೆಯ ವಿಷಯ ಗೊತ್ತಿತ್ತು.

"ಅತ್ತಿಗೆ, ದಮ್ಮಯ್ಯ, ಇವತ್ತೊಂದು ದಿನ ಬಾಯಿ ಮುಚ್ಕೊಂಡಿರು. ದುಂಬಿ ಹೋದ್ರೆ ನಮ್ಮ ಕೆಲಸ ಗಟ್ಟಿ. ಕೆಲಸ ಹೋದ್ರೆ ನನ್ನ ಕೋಣೇನೂ ಹೋಗುತ್ತೆ. ನಿಂಗಾದ್ರೆ ಮಗನಿಗೆ ತೋಟದ ಡ್ರೈವರ್ ಕೆಲಸ ಇದೆ, ಕೋಣೆ ಉಳಿಯುತ್ತೆ."

"ಸುಮ್ನಿರ್ತೀನಿ ಬಿಡೇ" ಎಂದಳು ಚೂರಿಯಕ್ಕ. ನಿಜವಾಗಿಯೂ ಸುಮ್ಮನಿದ್ದಳು. ಪೈಪು ಕೂತಿತು. ತೊಲೆ ಅಂಗಳಕ್ಕೆ ಬಿದ್ದು ಒಂದು ತುದಿ ಸೀಳಿತು.

ಸೀಳಿದ ಕಡೆ ಒಳಗೆ ಉದ್ದಕ್ಕೆ ಸಣ್ಣ ಸಣ್ಣ ಗೂಡು. ಒಂದೊಂದರಲ್ಲೂ ಗೋಲಿಯಷ್ಟು ಹಳದಿ ಪುಡಿಯ ಉಂಡೆ, ಉಂಡೆಯ ಪಕ್ಕ ಒಂದೊಂದು ಬಿಳಿ ಮರಿ. ಮರಿ ಹುಟ್ಟುವ ಮೊದಲೇ ತಾಯಿ ಊಟ ಕಟ್ಟಿಟ್ಟು ಬಾಗಿಲು ಮುಚ್ಚಿದ್ದಳು. ಚೂರಿಯಕ್ಕ ಬಗ್ಗಿ ನೋಡಿದಳು. ಅವಳ ಉಗುರಿನ ಸಂದಿಯಲ್ಲಿ ನಿನ್ನೆಯ ಅದೇ ಹಳದಿ ಇನ್ನೂ ಹೋಗಿರಲಿಲ್ಲ. ಮೇಲೆ ಒಂದು ದುಂಬಿ ಪೈಪಿಗೆ ಡಿಕ್ಕಿ ಹೊಡೆದು, ಸುತ್ತು ಹಾಕಿ, ಮತ್ತೆ ಅಲ್ಲಿಗೇ ಬಂದು ಡಿಕ್ಕಿ ಹೊಡೆಯಿತು. ಮೇಸ್ತ್ರಿ ಸೀಮೆಎಣ್ಣೆಯ ಕ್ಯಾನು ತಂದಾಗ ಅವಳು ಹೋಗಿ ತೊಲೆಯ ಮೇಲೆ ಕೂತುಬಿಟ್ಟಳು.

"ಏಳಮ್ಮ, ಹುಳ ಹಿಡಿದ ಮರ ಅದು" ಎಂದರು ಧಣಿ.

"ಹುಳ ಹಿಡಿದಿರೋದು ಮರಕ್ಕಲ್ಲ ಧಣಿ. ನಾವ್ಯಾರೂ ಇಲ್ಲಿಗೆ ಬರೋಕೆ ಮುಂಚೆಯಿಂದ ಇರೋ ಜೀವ ಇವು. ಉಳಿದಿರೋದೇ ಇಷ್ಟು. ಇವೂ ಹೋದ್ರೆ ಯಾವ ಅಂಗಡೀಲಿ ತರ್ತೀರಿ?"

ಧಣಿ ಗಡಿಯಾರ ನೋಡಿಕೊಂಡರು. ಜೀವ, ಪಾಪ, ಪುಣ್ಯ, ಇವೆಲ್ಲ ಆ ಕಿವಿಗೆ ಗಾಳಿ. ಅದು ಚೂರಿಯಕ್ಕನಿಗೆ ಗೊತ್ತಿರಲಿಲ್ಲವೇ? ಆ ಕಿವಿಗೆ ಹೋಗುವ ಮಾತು ಒಂದೇ ಒಂದಿತ್ತು. ಅವಳು ನಾದಿನಿಯ ಮುಖ ನೋಡಿದಳು. ನಾದಿನಿ ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದಳು.

"ಈ ತೊಲೆ ಉಳಿಸಿ. ತೋಟದ ಒಳಗೆ ಅಲ್ಲಲ್ಲಿ ಒಣಮರದ ದಿಮ್ಮಿ ನಿಲ್ಲಿಸಿ. ಹೂವಿರೋವಾಗ ಔಷಧಿ ಹೊಡೀಬೇಡಿ. ಎರಡು ಮೂರು ವರ್ಷದಲ್ಲಿ ನಮಗೆ ಕೂಲಿ ಕೊಡೋದು ತಪ್ಪುತ್ತೆ ನಿಮಗೆ."

ಧಣಿ ಗಡಿಯಾರ ಕಟ್ಟಿದ ಕೈ ಇಳಿಸಿದರು. "ಎಂಟೂ ಜನಕ್ಕಾ?"

"ಎಂಟೂ ಜನಕ್ಕೆ."

"ಅಯ್ಯೋ, ಎಣ್ಣೆ ಆಚೆ ಇಡೋ!" ಎಂದು ಧಣಿ ಮೇಸ್ತ್ರಿಗೆ ಕೂಗಿದರು. ಕರುಣೆ ಎಂಬುದು ಎಷ್ಟು ಬೇಗ ಉಕ್ಕುತ್ತದೆ ನೋಡಿ.

ದಿಮ್ಮಿಗಳು ನಿಂತವು. ಪ್ರಮಾಣಪತ್ರವೂ ಬಂತು, ಧಣಿ ತೊಲೆಯ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡು, ಸಣ್ಣ ಜೀವಗಳ ಮೇಲೆ ತಮಗೆ ಮೊದಲಿನಿಂದಲೂ ಪ್ರೀತಿ ಎಂದು ಭಾಷಣ ಮಾಡಿದರು. ಎರಡನೆಯ ವರ್ಷಕ್ಕೆ ಎಂಟು ಹೆಂಗಸರು ನಾಲ್ವರಾದರು. ಮೂರನೆಯ ವರ್ಷ ಹೂವರಳುವ ಹೊತ್ತಿಗೆ ತೋಟದ ತುಂಬ ಗುಂಯ್ ಎಂಬ ಸದ್ದು, ಪುಡಿ ಸವರುವವರು ಯಾರೂ ಬೇಕಾಗಲಿಲ್ಲ; ಕೊಯ್ಲಿಗೆ ಹೊರಗಿನ ಗುತ್ತಿಗೆಯಾಳುಗಳು ಬಂದರು.

ನಾದಿನಿ ಕೋಣೆ ಖಾಲಿ ಮಾಡಿದ ದಿನ ಚೂರಿಯಕ್ಕ ಬಾಗಿಲಲ್ಲಿ ನಿಂತು, "ನಮ್ಮನೇಲೇ ಇರು ಬಾರೇ" ಎಂದಳು.

"ನಿನ್ನ ಸೊಸೆ ಮುಖ ನೋಡ್ಕೊಂಡಾ? ಅಳಿಯನ ಮನೆ ಮೂಲೇನೇ ವಾಸಿ." ನಾದಿನಿ ಟ್ರಂಕಿಗೆ ಹಗ್ಗ ಬಿಗಿದಳು. "ಹುಳಕ್ಕೋಸ್ಕರ ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲ ಅತ್ತಿಗೆ. ಅವು ಸುಟ್ಟುಹೋಗಿದ್ರೆ ಏನಾಗ್ತಿತ್ತು? ನಮ್ಮ ಬೆರಳಿರಲಿಲ್ವಾ?"

"ನಮ್ಮ ಬೆರಳು ಬೇಲಿ ಒಳಗೆ ಮಾತ್ರ ಕಣೇ. ಬೇಲಿ ಆಚೆ ಇರೋ ಕಾಡುಹೂವಿಗೆ ಯಾರು ಕೂಲಿ ಕೊಟ್ಟು ಸವರಿಸ್ತಾರೆ?"

ನಾದಿನಿ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದಳು. ಆ ಮಾತು ಅವಳಿಗೆ ಅರ್ಥವಾಗದೆ ಇರಲಿಲ್ಲ.

"ಸರಿ. ದುಂಬಿಗೆ ಮನೆ ಉಳಿಸಿದೆ. ಸರಿಯಾದದ್ದನ್ನೇ ಮಾಡಿದೆ. ನನಗೆ ಮನೆ ಎಲ್ಲಿ, ಅದನ್ನೂ ಹೇಳು."

ಚೂರಿಯಕ್ಕ ಟ್ರಂಕಿನ ಒಂದು ಕಡೆಯ ಹಿಡಿ ಹಿಡಿದಳು. ನಾದಿನಿ ಅವಳ ಕೈಯನ್ನು ಬಿಡಿಸಿ, ಟ್ರಂಕನ್ನು ತಾನೊಬ್ಬಳೇ ತಲೆಯ ಮೇಲಿಟ್ಟುಕೊಂಡು ಹೊರಟಳು.