ಮೋಟಾರಿಗೆ ಹಚ್ಚಿದ ವಿಭೂತಿ

ದೀಪಾವಳಿ ಮುಗಿದ ವಾರ, ಹೊಲಗಳ ಮೇಲೆ ಇನ್ನೂ ಇಬ್ಬನಿ ಇರುವಾಗಲೇ ನಾವು ಹುಕ್ಕೇರಿಯಿಂದ ಹೊರಟೆವು. ಮೂಡಲಗಿಗೆ ಕೊಟ್ಟಿದ್ದ ತಂಗಿ ನೀಲವ್ವನನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ಅವಳಿಗೆ ಏಳು ತಿಂಗಳು ಮುಗಿಯುತ್ತ ಬಂದಿತ್ತು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ ಎಂಬುದು ಅವಳ ಅತ್ತೆಯ ಮನೆಯ ಕಟ್ಟಳೆ. ಈಗ ಬಾರದಿದ್ದರೆ ಹೆರಿಗೆ ಅಲ್ಲಿಯೇ. ಅವ್ವನ ಹತ್ತಿರವೇ ಹೆರಬೇಕೆಂದು ನೀಲವ್ವ ಹೇಳಿ ಕಳಿಸಿದ್ದಳು.

ಮೋಟಾರು ನನ್ನ ಚಿಕ್ಕಪ್ಪ ಶಿವಪ್ಪ ಕಾಕಾನದು. ಬೆಳಗಾವಿಯಲ್ಲಿ ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡು ತಂದಿದ್ದ. ಓಡಿಸಲು ಬರುತ್ತಿದ್ದುದು ಮಾತ್ರ ನನಗೆ, ಪುಣೆಯಲ್ಲಿ ಬಿ.ಎಸ್‌ಸಿ. ಓದುವಾಗ ಕಲಿತದ್ದು. ಹೊರಡುವ ಮುಂಚೆ ಅವ್ವ ಬಾನೆಟ್ಟು ಎತ್ತಿಸಿದಳು. ಇಂಜಿನ್ನಿನ ತಲೆಯ ಮೇಲೆ, ಒಳಗೆ ಕಿಡಿ ಹಾರಿಸುವ ನಾಲ್ಕು ಪ್ಲಗ್ಗುಗಳ ಬಿಳಿಯ ಪಿಂಗಾಣಿ ಸಾಲಾಗಿ ನಿಂತಿತ್ತು. "ನಾಕ ಲಿಂಗ ಇದ್ದಂಗ ಅದಾವಲ್ಲೋ" ಎಂದು, ವಿಭೂತಿಯನ್ನು ನೀರಲ್ಲಿ ಕಲಸಿ ಒಂದೊಂದಕ್ಕೂ ಮೂರು ಬೆರಳು ಎಳೆದಳು. ಪುಣೆಗೆ ಹೋಗಿ ಬಂದ ಮೇಲೆ ನಾನು ಹಣೆಗೆ ಹಚ್ಚುವುದನ್ನು ಬಿಟ್ಟಿದ್ದೇನೆಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ಮೋಟಾರಿಗೂ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಗೋಕಾಕದವರೆಗಿನ ಇಪ್ಪತ್ತು ಚಿಲ್ಲರೆ ಮೈಲಿಯಲ್ಲಿ ಗಾಡಿ ಮುಗ್ಗರಿಸುತ್ತಲೇ ಓಡಿತು. ವೇಗ ತಗ್ಗಿಸಿದರೆ ಇಡೀ ಮೈ ಅದುರುತ್ತಿತ್ತು, ಮುಂದಿನ ಗಾಜು ಕಟಕಟ ಎನ್ನುತ್ತಿತ್ತು. "ಇದಕ್ಕ ಚಳಿಜ್ವರ ಬಂದೈತೇನೋ? ಕೌದಿ ಹೊಚ್ಚೂಣೇನು?" ಎಂದ ಕಾಕಾ.

ಗೋಕಾಕದಲ್ಲಿ ಕಾಕಾ ಬೀಗರಿಗೆ ಕರದಂಟು ತರಲು ಪೇಟೆಯೊಳಗೆ ಹೋದ. ನಾನು ಪೆಟ್ರೋಲ್ ಬಿಡುವ ಕಾರ್ಬುರೇಟರಿನ ತಿರುಪು ತಿರುಗಿಸಿ ನೋಡಿದೆ. ಸದ್ದು ಹೆಚ್ಚಿತು, ನಡುಕ ಹೋಗಲಿಲ್ಲ. ಆಮೇಲೆ ಪ್ಲಗ್ಗುಗಳ ತಂತಿಯನ್ನು ಒಂದೊಂದಾಗಿ ಬಿಡಿಸಿದೆ. ಎರಡರಲ್ಲಿ ಬಿಡಿಸಿದರೂ ಸದ್ದು ಬದಲಾಗಲಿಲ್ಲ, ಅಂದರೆ ಅವೆರಡು ಕೆಲಸವನ್ನೇ ಮಾಡುತ್ತಿರಲಿಲ್ಲ. ಬಾನೆಟ್ಟಿನ ನೆರಳಲ್ಲಿ ಬಗ್ಗಿ ನೋಡಿದಾಗ ವಿಭೂತಿಯ ಗೆರೆಗುಂಟ ನೀಲಿ ಕಿಡಿ ಹರಿದು ಇಳಿಯುತ್ತಿತ್ತು. ಒಳಗೆ ಹಾರಬೇಕಾದ ಕಿಡಿ ಹೊರಗೇ ಸೋರಿಹೋಗುತ್ತಿತ್ತು.

ಇದನ್ನು ಕಂಡದ್ದು ಗೋಕಾಕದಲ್ಲೋ, ಮೂಡಲಗಿಯಲ್ಲೋ? ಮೂರೇ ದಿನದ ಹಿಂದಿನ ಮಾತು, ಆದರೂ ನನ್ನ ನೆನಪು ಅದನ್ನು ಮೂಡಲಗಿಗೆ ಸರಿಸಲು ನೋಡುತ್ತಿದೆ. ಅಲ್ಲಿ ಕಂಡಿದ್ದರೆ ನನ್ನ ತಪ್ಪು ಸಣ್ಣದಾಗುತ್ತದೆ. ಆ ಕಾರಣಕ್ಕೇ ಗೋಕಾಕವೆಂದು ಬರೆಯುತ್ತಿದ್ದೇನೆ. ಒರೆಸಿದರೆ ಕಾಕಾ ನೋಡಿ ಅವ್ವನಿಗೆ ಹೇಳುತ್ತಾನೆಂದು ಬಾನೆಟ್ಟು ಮುಚ್ಚಿದೆ.

ಮೂಡಲಗಿಯಲ್ಲಿ ಜೋಳದ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರಿನ ಊಟವಾಯಿತು. ಬಿಸಿಲು ಚುರುಕಾಗಿತ್ತು. ಹೊರಡಲೆಂದು ಮೋಟಾರು ಚಾಲೂ ಮಾಡಿದೆ. ನೀಲವ್ವನ ಅತ್ತೆ ಗಂಗವ್ವ ಬಾಗಿಲಿಗೆ ಬಂದು ನಿಂತರು.

"ತಮ್ಮಾ, ಇದು ಹಿಂಗ ಯಾಕ ನಡಗತೈತಿ?"

ನಾನು ಬಾನೆಟ್ಟು ಎತ್ತಿದೆ. ಅವರು ವಿಭೂತಿ ಕಂಡು ಕೈ ಮುಗಿದರು. "ನಿಮ್ಮವ್ವ ಹಚ್ಚ್ಯಾಳೇನು? ಚಲೋ ಮಾಡ್ಯಾಳ."

ಆ ಮುಗಿದ ಕೈಗಳ ಎದುರು ನಿಜ ಹೇಳಲಾಗಲಿಲ್ಲ. "ಗೋಕಾಕದಾಗ ಹಾಕಿಸಿದ ಪೆಟ್ರೋಲದಾಗ ನೀರು ಬೆರತೈತ್ರಿ, ಅವ್ವಾರ" ಎಂದೆ.

"ಬರೇ ನೀರು ಕುಡದ ಇಷ್ಟು ತೂರಾಡತೈತೇನು?" ಕಾಕಾ ನಕ್ಕ, ಗಂಗವ್ವ ನಗಲಿಲ್ಲ. "ಈ ಗಾಡ್ಯಾಗ ನನ್ನ ಸೊಸೀನ್ನ ಕಳಸಂಗಿಲ್ರಿ. ಎತ್ತಿನ ಚಕ್ಕಡ್ಯಾಗ ಅಷ್ಟು ದೂರ ಆಗೂದಿಲ್ಲ. ಬಾಣಂತನ ಇಲ್ಲೇ ಆಗ್ಲಿ."

ನೀಲವ್ವ ನನ್ನನ್ನು ಹಿತ್ತಲಿಗೆ ಕರೆದಳು. "ಅಣ್ಣಾ, ಸುಳ್ಳು ಹೇಳೂವಾಗ ನೀ ಕಿವಿ ಮುಟಗೊಂತಿ. ಖರೆ ಏನೈತಿ ಹೇಳು." ಹೇಳಿದೆ. ಅವಳು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಳು.

ನಾನು ಮೋಟಾರು ನಿಲ್ಲಿಸಿ ಇಂಜಿನ್ ಆರಿದ ಮೇಲೆ ಅವಳು ಬೆರಳು ತೋಯಿಸಿ, ಒಂದೊಂದು ಪ್ಲಗ್ಗಿನ ವಿಭೂತಿ ತೆಗೆದು ಹಣೆಗೆ, ಕೊರಳಿಗೆ, ತೋಳಿಗೆ ಹಚ್ಚಿಕೊಂಡಳು. "ಅವ್ವನ ಕೈಯಾಂದು, ಅತ್ತೀ. ಹಚಗೊಂಡ ಹೊಕ್ಕೇನಿ" ಎಂದು ಪಿಂಗಾಣಿಯನ್ನು ಸೆರಗಿನಿಂದ ತಿಕ್ಕಿದಳು. ಗಂಗವ್ವ ಮತ್ತೊಮ್ಮೆ ಕೈ ಮುಗಿದರು. ಕಿಡಿ ಸುಟ್ಟು ಉಳಿದ ಕರಿ ಗೆರೆಯನ್ನು ನಾನು ಪೆಟ್ರೋಲ್ ಬಟ್ಟೆಯಿಂದ ಒರೆಸಿ, ತಿರುಪನ್ನು ಮೊದಲಿನ ಜಾಗಕ್ಕೆ ತಂದು ಚಾಲೂ ಮಾಡಿದೆ. ಸದ್ದು ಒಂದೇ ಸಮನಾಯಿತು. ಗಾಜು ಸುಮ್ಮನಾಯಿತು.

ಗಂಗವ್ವ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು. "ಪೆಟ್ರೋಲದಾಗಿನ ನೀರು ಎಲ್ಲಿ ಹೋತು ತಮ್ಮಾ?"

"ಹರದು ಹೋತ್ರಿ" ಎಂದೆ.

ಅವರು ಸೊಸೆಯ ಉಡಿ ತುಂಬಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು.

ಊರು ಬಿಟ್ಟು ಎರಡು ಮೈಲಿ ಬಂದಿರಬೇಕು. ಗಾಡಿ ಹಗುರವಾಗಿ ಓಡುತ್ತಿತ್ತು. ಹಿಂದಿನಿಂದ ನೀಲವ್ವ ಹೇಳಿದಳು: "ಕೂಸಿನ್ನ ಕರಕೊಂಡು ಆ ಮನಿಗೆ ಹೊಳ್ಳಿ ಹೋಗೂದು ನಾನು, ಅಣ್ಣಾ. ನಿನ್ನ ನೀರು ಎಲ್ಲಿ ಹರದು ಹೋತಂತ ಅತ್ತಿ ನನ್ನ ಕೇಳ್ತಾರ. ನಾ ದೇವರ ಹೆಸರ ಮ್ಯಾಲ ಒರಸಿದ್ನಿ, ಅವರು ಕೈ ಮುಗದ್ರು."

ನಾನು ಮೋಟಾರು ನಿಲ್ಲಿಸಿ ತಿರುಗಿಸತೊಡಗಿದೆ.

"ಹುಚ್ಚೇನೋ?" ಎಂದ ಕಾಕಾ. "ಈಗ ಹೊಳ್ಳಿ ಹೋದ್ರ ಗಂಗವ್ವ ಆಕೀನ್ನ ಇಳಿಸಿಕೊಂತಾಳ."

ಆಗಬಹುದಿತ್ತು. ನೀಲವ್ವ ದಿಂಬನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು, ಆದರೆ ಬೇಡ ಎನ್ನಲಿಲ್ಲ.

ಮೋಟಾರು ಮರಳಿದ್ದನ್ನು ಕಂಡು ಗಂಗವ್ವ ಕೇರುತ್ತಿದ್ದ ಮೊರ ಬಿಟ್ಟು ಓಡಿ ಬಂದರು. "ಏನಾತು ನೀಲವ್ವಾ? ಬ್ಯಾನಿ ಬಂತೇನು?" ಅವರ ಮುಖ ನೋಡಿ ನನಗೆ ಇನ್ನಷ್ಟು ನಾಚಿಕೆಯಾಯಿತು. ಏನೂ ಆಗಿಲ್ಲವೆಂದೆ. ಪೆಟ್ರೋಲಿನಲ್ಲಿ ನೀರಿರಲಿಲ್ಲ, ಕಿಡಿ ವಿಭೂತಿಗುಂಟ ಸೋರುತ್ತಿತ್ತು, ಒರೆಸಬೇಕೆಂದು ಹೇಳಲು ಅಂಜಿದೆ ಎಂದು ಹೇಳಿದೆ.

ಗಂಗವ್ವ ಏದುಸಿರಿನಲ್ಲೇ ಹೇಳಿದರು:

"ಅದು ಗಾಡೀಗಿ ಒಗ್ಗೂದಿಲ್ಲ ಅಂದಿದ್ರ ನಾನ ಒರಸ್ತಿದ್ನೆಲ್ಲೋ. ಆಕಿ ಹೊಟ್ಯಾಗ ಇರೂದು ನಮ್ಮ ಕೂಸು. ನನಗ ಅಷ್ಟೂ ತಿಳಿಯಂಗಿಲ್ಲ ಅಂದ್ಕೊಂಡ್ಯಲ್ಲ ತಮ್ಮಾ." ಆಮೇಲೆ ಸೊಸೆಯ ಬೆನ್ನಿನ ದಿಂಬು ಸರಿಪಡಿಸಿದರು. "ಹೋಗಿ ಬರ್ರಿ. ಹೊತ್ತು ಮುಳಗೂದ್ರಾಗ ಗೋಕಾಕ ದಾಟ್ರಿ."

ಆಗ ನಾನು ಅವರ ಕಾಲು ಮುಟ್ಟಿದೆನೆಂದು ಕಾಕಾ ಹೇಳುತ್ತಾನೆ. ಇರಬಹುದು. ನನಗೆ ನೆನಪಿರುವುದು, ಮೋಟಾರಿನ ಮುಂಭಾಗಕ್ಕೆ ಹ್ಯಾಂಡಲ್ ಹಾಕಿ ಇಂಜಿನ್ ತಿರುಗಿಸಲು ಬಗ್ಗಿದಾಗ ತಲೆ ತಗ್ಗಿಸುವುದಕ್ಕೆ ಒಂದು ನೆವ ಸಿಕ್ಕಿತೆಂಬುದಷ್ಟೆ. ಅದು ಮೊದಲ ಸುತ್ತಿಗೇ ಚಾಲೂ ಆಯಿತು. ನಾನು ಆದರೂ ಬಗ್ಗಿಯೇ ಇದ್ದೆ.