ಹನ್ನೆರಡು ವರ್ಷದ ಬರ್ಬನ್, ಎರಡು ವರ್ಷದ ಅಳಿಯ

ಮೊನ್ನೆ ಭಾನುವಾರ ಗೆಳೆಯ ನಾಗರಾಜ ಮತ್ತೊಂದು ಹಳೆಯ ಬರ್ಬನ್ ಬಾಟಲಿ ತೆರೆದ. ಅಮೆರಿಕದ ಮೆಕ್ಕೆಜೋಳದ ವಿಸ್ಕಿ ಅದು. ಒಳಮೈ ಸುಟ್ಟ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿ ಎದ್ದು ಬಂದದ್ದು. ಲೋಟವನ್ನು ಮೂಗಿಗೆ ಹಿಡಿದೆನೋ ಇಲ್ಲವೋ, ತಳ ಹಿಡಿದ ಬೆಲ್ಲದ ಪಾಕದ ವಾಸನೆ ಬಂತು. ಅದರ ಹಿಂದೆಯೇ ನನ್ನ ಮಾವನವರೂ ಬಂದರು. ಗಾಬರಿಯಾಗಬೇಡಿ, ನೆನಪಿನಲ್ಲಿ.

ಮಾವ ಎಂದರೆ ನಮ್ಮವ್ವನ ತಮ್ಮ. ಪೋತ್ನಾಳದಲ್ಲಿ ಅಕ್ಕಿ ಗಿರಣಿ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ. ಕುಡಿತದ ಹೆಸರೆತ್ತಿದರೆ ಎದ್ದು ಹೋಗಿ ಬಾಯಿ ಮುಕ್ಕಳಿಸುವ ಮನುಷ್ಯ. ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು, ಬಿಸಿಯುಸಿರು ಊದಿ, ಮೂಸಿ, ಯಾವ ಸುಗ್ಗಿಯದೆಂದು ಹೇಳುತ್ತಿದ್ದರು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು, ಮನೆಗೆ ತೆಗೆದಿಟ್ಟ ಚೀಲಗಳನ್ನು ಎರಡು ವರ್ಷ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವರ ಮಗಳು ಗಿರಿಜಾಳನ್ನು ನನಗೆ ಕೊಡುವ ಮಾತು ನಡೆದಿತ್ತು. ಮಾತಿಗೆ ಮೊದಲೇ ನನ್ನ ಮನಸ್ಸು ಪೋತ್ನಾಳದ ಬಸ್ಸು ಹತ್ತಿ ಕೂತಿತ್ತು.

ಆಗಲೇ ದೇವದುರ್ಗದ ಈ ನಾಗರಾಜ, ದುಬೈಯಿಂದ ಯಾರೋ ತಂದುಕೊಟ್ಟ ಬರ್ಬನ್ ಹಿಡಿದು ರಾಯಚೂರಿನ ನನ್ನ ಬಾಡಿಗೆ ಕೋಣೆಗೆ ಬಂದ. ರುಚಿ ನೋಡಿ ಗುಣ ಹೇಳಬೇಕಂತೆ. ನಾವೋ, ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿ ತಂದು, ಲೋಟದ ತುಂಬ ಸೋಡಾ ಸುರಿದು ಪರೀಕ್ಷೆಗೆ ಕೂತೆವು. ಮಿರ್ಚಿ ಕಚ್ಚಿದ ನಾಲಿಗೆಗೆ ಬರ್ಬನ್ ಆದರೇನು, ಬೋರ್‌ವೆಲ್ ನೀರಾದರೇನು! ನಾಗರಾಜ ಮಾತ್ರ ಕಣ್ಣು ಮುಚ್ಚಿ, "ಭಾಳ ಆಳ ಅದಲೇ ಇದು," ಎಂದ. ಅಷ್ಟರಲ್ಲಿ ಬಾಗಿಲಲ್ಲಿ ಮಾವ. ಬಾಟಲಿ ಮುಚ್ಚಲು ಕೈಗೊಂದು ಟವೆಲ್ಲೂ ಸಿಗಲಿಲ್ಲ.

ಅವರು ಬಯ್ಯಲಿಲ್ಲ. ಬಾಟಲಿ ಎತ್ತಿ ಮೂಸಿದರು.

"ಎಷ್ಟು ವರ್ಷದ ಮಾಲೋ ಇದು?"

"ಹನ್ನೆರಡ್ರೀ. ಕಟಿಗಿ ಪೀಪಾಯಿದಾಗ ಇಟ್ಟಿರ್ತಾರ್ರೀ," ಎಂದ ನಾಗರಾಜ, ಎದ್ದು ನಿಂತು.

"ಹನ್ನೆರಡು ವರ್ಷ ಪೀಪಾಯಿದಾಗ ಕೆಡಲಿಲ್ಲ. ನಿಮ್ಮ ಕೈಯಾಗ ಬಂದು ಒಂದು ತಾಸಿನ್ಯಾಗ ಕೆಟ್ಟು ಹೋತಲ್ಲೋ!"

ಆಮೇಲೆ ನನ್ನತ್ತ ತಿರುಗಿದರು. "ನೀ ಬಾ ಇಲ್ಲಿ. ಊದು."

ಊದಿದೆ. ಮೂಸಿದರು. ಚಪ್ಪಲಿ ಮೆಟ್ಟಿ ಹೊರಟರು. ಗಿರಿಜಾ ಕೈತಪ್ಪಿದಳೆಂದು ನಾನು ಅತ್ತೇಬಿಟ್ಟೆ. ನಾಗರಾಜ ಸಮಾಧಾನಕ್ಕೆ ಇನ್ನೊಂದು ಭಜಿ ಕೊಟ್ಟ.

ವಾರದ ಮೇಲೆ ಅವ್ವನಿಗೆ ತೀರ್ಪು ಬಂತು: "ಅಕ್ಕಾ, ಹುಡುಗ ಕೆಟ್ಟಿಲ್ಲ. ಹೊಸಾ ಅಕ್ಕಿ ಇದ್ದಂಗ ಅದಾನ. ಎರಡು ವರ್ಷ ಇಡೂಣು."

ಇಟ್ಟರು. ಮಾವನ ಕಣ್ಣಿಗೆ ಬೀಳುವಲ್ಲೆಲ್ಲ ಸಾಧುವಿನಂತೆ ಓಡಾಡಿ ನಾನೂ ಹದಕ್ಕೆ ಬಂದೆ, ಮದುವೆಯಾಯಿತು. ಈ ಕಥೆ ಹೇಳಿ ನಾನು ನಗಿಸದ ಬೈಠಕ್ಕೇ ಇಲ್ಲ. ಮೊನ್ನೆ ನಾಗರಾಜನ ಮನೆಯಲ್ಲೂ ಹೇಳಿದೆ.

ಹೇಳಿ ಮನೆಗೆ ಬಂದರೆ, ನಮ್ಮ ಮಗಳು ಮೆಚ್ಚಿದ ಮಾನ್ವಿಯ ಹುಡುಗ ಕೂತಿದ್ದ. ಕಾಲು ಮುಟ್ಟಲು ಬಾಗಿದಾಗ ನನ್ನ ಮೂಗು ತಾನಾಗಿ ಉಸಿರೆಳೆಯಿತು. ಕೊಬ್ಬರಿ ಎಣ್ಣೆ, ಬೆವರು, ಒಂದಿಷ್ಟು ಅಂಜಿಕೆ. ಬರ್ಬನ್ ನಾರುತ್ತಿದ್ದವನು ನಾನೇ ಎಂಬುದು ತಡವಾಗಿ ಹೊಳೆಯಿತು. ಅವನು ಹೋದ ಮೇಲೆ ಗತ್ತಿನಿಂದ, "ಹುಡುಗ ಛಲೋ ಅದಾನ. ಎರಡು ವರ್ಷ ಹೋಗಲಿ, ನೋಡೂಣು," ಎಂದೆ.

ಗಿರಿಜಾ ನಗಲಿಲ್ಲ. "ಆವಾಗ ಆ ಎರಡು ವರ್ಷ ನೀವೊಬ್ರ ಕಾದ್ರೇನ್ರೀ? ನನ್ನ ಯಾರಾರ ಒಂದು ಮಾತು ಕೇಳಿದ್ರೇನು?"

ಇಷ್ಟು ವರ್ಷ ಹೇಳಿದ ಕಥೆಯಲ್ಲಿ ಅವಳೂ ಕಾಯುತ್ತ ಕೂತಿದ್ದಳೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಎದ್ದು ಹೋಗಿ ಮಗಳ ಕೋಣೆಯ ಬಾಗಿಲು ತಟ್ಟಿದೆ.

"ಯವ್ವಾ, ಯಾವಾಗ ಅಂತ ನೀನ ಹೇಳು."